ವಿಷಯ: ಉಚಿತ ಟ್ರಯಲ್ ಪಾಸ್ ಹೆಸರಲ್ಲಿ ಕಡಿತವಾದ 2,499 ರೂ. ವಾಪಸ್ ಕೊಡುವ ಬಗ್ಗೆ

ಇವರಿಗೆ,
ಮುಖ್ಯಸ್ಥರು, ಗ್ರಾಹಕ ಸೇವಾ ವಿಭಾಗ

ಮಾನ್ಯರೇ,

ನಾನು ಬೆಂಗಳೂರಿನ ಜಯನಗರದವಳು. ದಿನವಿಡೀ ಕೂತು ಮಾಡುವ ಕೆಲಸ. ಮನೆ ಹತ್ತಿರ ಒಂದು ಜಿಮ್ಮೋ ಕರಾಟೆ ಕ್ಲಾಸೋ ಸೇರೋಣ, ಆದರೆ ದುಡ್ಡು ಕಟ್ಟುವ ಮೊದಲು ನಾಲ್ಕು ಕಡೆ ನೋಡೋಣ ಅಂತಿದ್ದೆ. ಆಗ ನಿಮ್ಮ ಆ್ಯಪ್‌ನ ಜಾಹೀರಾತು ಕಣ್ಣಿಗೆ ಬಿತ್ತು. ಒಂದೇ ಪಾಸ್, ಎರಡು ವಾರ, ಏರಿಯಾದ ಎಲ್ಲ ಜಿಮ್ ಮತ್ತು ಮಾರ್ಷಲ್ ಆರ್ಟ್ಸ್ ಸ್ಟುಡಿಯೋ, ಪೂರ್ತಿ ಉಚಿತ. ಒಂದು ರೂಪಾಯಿ ಮಾತ್ರ "ಪರಿಶೀಲನೆಗೆ" ಅಂತ ಯುಪಿಐ ಆಟೋಪೇ ಒಪ್ಪಿಗೆ ಕೇಳಿದಿರಿ. ಅದನ್ನು ಕೊಡದೆ ಪಾಸ್ ತೆರೆಯುವುದೇ ಇಲ್ಲ.

ಜಿಮ್‌ಗಳ ಕಥೆ ಬೇಗ ಮುಗಿಯುತ್ತೆ. ಹೋದ ಕಡೆಯೆಲ್ಲ ಟ್ರಯಲ್ ಸಮಯ ಬೆಳಿಗ್ಗೆ 11ರಿಂದ ಸಂಜೆ 4. ಕೆಲಸಕ್ಕೆ ಹೋಗುವವರು ಆ ಹೊತ್ತಿಗೆ ಹೇಗೆ ಬರಬೇಕು? ರಜೆ ಹಾಕಿ ಹೋದೆ. ಒಂದು ಜಿಮ್‌ನಲ್ಲಿ ಟ್ರೆಡ್‌ಮಿಲ್ ಹತ್ತಲು ಬಿಡುವ ಮೊದಲೇ ಯಾವುದೋ ಮಷಿನ್ ಮೇಲೆ ಬರಿಗಾಲಲ್ಲಿ ನಿಲ್ಲಿಸಿದರು. ಅದರಿಂದ ಬಂದ ಚೀಟಿ ನೋಡಿ, "ಮೇಡಂ, ನಿಮ್ಮ ದೇಹದ ವಯಸ್ಸು 58" ಅಂದ ಹುಡುಗ. ನನಗೆ 41. ಕುಡಿದ ನೀರು, ಮಾಡಿದ ಊಟದಿಂದಲೇ ಆ ಮಷಿನ್ ಲೆಕ್ಕ ಏರುಪೇರಾಗುತ್ತೆ, ಅದು ಅವನಿಗೂ ಗೊತ್ತಿರಬೇಕು. ಆಮೇಲೆ ಮುಕ್ಕಾಲು ಗಂಟೆ ವಾರ್ಷಿಕ ಪ್ಯಾಕೇಜ್ ಪುರಾಣ, "ಇವತ್ತೇ ಸೇರಿದ್ರೆ" ಅನ್ನುವ ರಾಗ. ವ್ಯಾಯಾಮ ಮಾಡಿದ್ದು ಹತ್ತು ನಿಮಿಷವೂ ಇಲ್ಲ.

ನನಗೆ ನಿಜವಾಗಿ ಆಸೆ ಇದ್ದದ್ದು ಮಾರ್ಷಲ್ ಆರ್ಟ್ಸ್ ಮೇಲೆ. ನಿಮ್ಮ ಮೇಲೆ ಜಾಸ್ತಿ ಸಿಟ್ಟು ಬಂದದ್ದೂ ಅಲ್ಲೇ. ಜಿಯು-ಜಿತ್ಸು ಸ್ಟುಡಿಯೋ ಬಗ್ಗೆ ಆ್ಯಪ್‌ನಲ್ಲಿ "ನೀರಿನ ಬಾಟಲಿ, ಟವೆಲ್ ಸಾಕು" ಅಂತ ಬರೆದಿದ್ದೀರಿ. ಅಲ್ಲಿ ಹೋದರೆ ಗಿ ಅನ್ನುವ ಅಭ್ಯಾಸದ ಉಡುಪು ಇಲ್ಲದೆ ಮ್ಯಾಟ್ ಮೇಲೆ ಬಿಡುವುದಿಲ್ಲ ಅಂದರು. ಕೋಚ್ ಹೇಳಿದ್ದು ಸರಿಯೇ. ಅವತ್ತಿನ ಕ್ಲಾಸಿನಲ್ಲಿ ಕಾಲರ್, ತೋಳು ಹಿಡಿದು ಎಳೆಯುವುದೇ ಆಟ. ಅದಕ್ಕೇ ದಪ್ಪ ಹತ್ತಿಬಟ್ಟೆಯ ಆ ಅಂಗಿ, ನನ್ನ ಟೀ ಶರ್ಟ್ ಎರಡು ನಿಮಿಷಕ್ಕೆ ಹರಿದು ಹೋಗುತ್ತಿತ್ತು. ಆದರೆ ಇದನ್ನು ಮೊದಲೇ ಹೇಳಬೇಕಾದವರು ನೀವು ಅಲ್ವಾ? ಗೋಡೆಗೊರಗಿ ಕೂತು ಬೇರೆಯವರು ಉರುಳಾಡುವುದನ್ನು ನೋಡಿ ಬಂದೆ. ಮುಯ್ ಥಾಯ್ ಸ್ಟುಡಿಯೋದಲ್ಲಿ ಕೈಗೆ ಸುತ್ತುವ ಪಟ್ಟಿ ಅವರಲ್ಲೇ ಕೊಳ್ಳಬೇಕಂತೆ, 650 ರೂಪಾಯಿ. ಇದಕ್ಕೆ ಉಚಿತ ಅಂತೀರಾ?

ಪೂರ್ತಿ ಕ್ಲಾಸ್ ಸಿಕ್ಕಿದ್ದು ಜೂಡೋ ಹೇಳಿಕೊಡುವ ಒಬ್ಬ ಹಿರಿಯರ ಹತ್ತಿರ ಮಾತ್ರ. ನಿಮ್ಮ ಪಾಸ್ ತೋರಿಸಿದರೆ ಅವರು ಫೋನನ್ನು ಕಣ್ಣಿನ ಹತ್ತಿರ ಹಿಡಿದು ಓದಿ, "ನಮ್ಮ ಹೆಸರು ಇಲ್ಲಿ ಯಾರಮ್ಮ ಹಾಕಿದ್ದು?" ಅಂತ ನನ್ನನ್ನೇ ಕೇಳಿದರು. ನಿಮ್ಮವರು ಅವರನ್ನು ಒಂದು ಮಾತೂ ಕೇಳಿರಲಿಲ್ಲ. ಆದರೂ ಬಂದವಳನ್ನು ವಾಪಸ್ ಕಳಿಸಲಿಲ್ಲ. ಇಡೀ ಒಂದು ಗಂಟೆ ಬೀಳುವುದನ್ನು ಕಲಿಸಿದರು. ಗದ್ದ ಎದೆಗೆ ಒತ್ತಿ, ಬೆನ್ನು ಗುಂಡಗೆ ಮಾಡಿ, ಅಂಗೈ ಮತ್ತು ತೋಳನ್ನು ಮ್ಯಾಟ್‌ಗೆ ಪಟ್ ಅಂತ ಬಡಿಯಬೇಕು, ತಲೆ ನೆಲ ಮುಟ್ಟಬಾರದು. ನಾನು ಅಲ್ಲೇ ಸೇರಿದ್ದೇನೆ, ಫೀಸನ್ನು ನೇರವಾಗಿ ಅವರಿಗೇ ಕಟ್ಟಿದ್ದೇನೆ. ಇದರಲ್ಲಿ ನಿಮ್ಮ ಪಾಲೇನೂ ಇಲ್ಲ.

ಇನ್ನು ದುಡ್ಡಿನ ವಿಷಯ. ಪಾಸ್ ಮುಗಿಯುವ ಹಿಂದಿನ ದಿನ 2,499 ರೂ. ಕಡಿತವಾಗಲಿದೆ ಅಂತ ಮೆಸೇಜ್ ಬಂತು. 24 ಗಂಟೆ ಮೊದಲು ತಿಳಿಸಲೇಬೇಕು ಅಂತ ರಿಸರ್ವ್ ಬ್ಯಾಂಕ್ ನಿಯಮ ಇರುವುದರಿಂದ ಅಷ್ಟಾದರೂ ಗೊತ್ತಾಯಿತು. ನಿಮ್ಮ ಕಡೆಯಿಂದ ಒಂದಕ್ಷರ ಇಲ್ಲ. ರದ್ದು ಮಾಡೋಣ ಅಂದರೆ ಆ್ಯಪ್‌ನಲ್ಲಿ ಬಟನ್ನೇ ಇಲ್ಲ. ಚಾಟ್‌ನಲ್ಲಿ ಕೇಳಿದರೆ "ನಮ್ಮ ತಂಡ ಸಂಪರ್ಕಿಸುತ್ತದೆ" ಅನ್ನುವ ಒಂದೇ ಉತ್ತರ. ಮಾರನೇ ದಿನ ಹಣ ಹೋಯಿತು, ತಂಡ ಬರಲಿಲ್ಲ. ಆಮೇಲೆ ಯುಪಿಐ ಆ್ಯಪ್‌ನಲ್ಲಿ ಹುಡುಕಿ ಆಟೋಪೇ ಒಪ್ಪಿಗೆಯನ್ನು ನಾನೇ ರದ್ದು ಮಾಡಿದೆ.

ಗ್ರಾಹಕರನ್ನು ಹೀಗೆ ಸಿಕ್ಕಿಹಾಕಿಸುವುದನ್ನು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರ್‌ನಲ್ಲೇ ನಿಷೇಧಿಸಿದೆ. ಡಾರ್ಕ್ ಪ್ಯಾಟರ್ನ್, ಅಂದರೆ ಆ್ಯಪ್, ವೆಬ್‌ಸೈಟ್‌ಗಳಲ್ಲಿ ಗ್ರಾಹಕರನ್ನು ದಾರಿ ತಪ್ಪಿಸುವ ತಂತ್ರಗಳ ಬಗೆಗಿನ ಮಾರ್ಗಸೂಚಿಯಲ್ಲಿ ಇದಕ್ಕೆ ಸಬ್‌ಸ್ಕ್ರಿಪ್ಷನ್ ಟ್ರ್ಯಾಪ್ ಅಂತ ಹೆಸರೇ ಇದೆ. ಉಚಿತ ಸೇವೆಗೆ ಆಟೋ ಡೆಬಿಟ್ ಒಪ್ಪಿಗೆ ಬಲವಂತ ಮಾಡುವುದು, ರದ್ದು ಮಾಡುವ ದಾರಿ ಮುಚ್ಚಿಡುವುದು, ಎರಡೂ ಅದರೊಳಗೆ ಬರುತ್ತವೆ. ನೀವು ಎರಡನ್ನೂ ಮಾಡಿದ್ದೀರಿ.

ಈ ಪತ್ರ ತಲುಪಿದ 15 ದಿನದೊಳಗೆ 2,499 ರೂ. ನನ್ನ ಖಾತೆಗೆ ವಾಪಸ್ ಬರಬೇಕು. ನನ್ನ ನಂಬರನ್ನು ಯಾವ್ಯಾವ ಜಿಮ್‌ಗೆ ಕೊಟ್ಟಿದ್ದೀರೋ ಅಲ್ಲೆಲ್ಲ ತೆಗೆಸಿ, ಊಟದ ಹೊತ್ತಿಗೆ ಸರಿಯಾಗಿ ಕಾಲ್ ಬರುತ್ತಿವೆ. ಆ ಜೂಡೋ ಮೇಷ್ಟ್ರನ್ನು ಕೇಳದೆ ಹಾಕಿದ ಅವರ ಹೆಸರನ್ನೂ ಪಟ್ಟಿಯಿಂದ ತೆಗೆಯಿರಿ. ಇಲ್ಲದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡುತ್ತೇನೆ, ಅಲ್ಲಿಗೂ ಮುಗಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. 5 ಲಕ್ಷ ರೂ. ಒಳಗಿನ ವಹಿವಾಟಿನ ದೂರಿಗೆ ಅಲ್ಲಿ ಶುಲ್ಕವೂ ಇಲ್ಲ.

ಹಣ ಕಡಿತದ ಮೆಸೇಜ್, ಚಾಟ್ ಮತ್ತು ಜಾಹೀರಾತಿನ ಸ್ಕ್ರೀನ್‌ಶಾಟ್ ಜೊತೆಗಿಟ್ಟಿದ್ದೇನೆ. ಉತ್ತರ ಇಮೇಲ್‌ನಲ್ಲೇ ಕೊಡಿ, ಫೋನ್ ಬೇಡ. ಹೋದ ವಾರ ಫೋನ್ ಮಾಡಿದ ನಿಮ್ಮವರು ಎಲ್ಲ ಕೇಳಿಸಿಕೊಂಡು, ಕೊನೆಗೆ ಆರು ತಿಂಗಳ ಪಾಸ್‌ಗೆ ಡಿಸ್ಕೌಂಟ್ ಇದೆ ಅಂದರು.

ಇಂತಿ,
ನಿಮ್ಮ ಗ್ರಾಹಕಿ
ಜಯನಗರ, ಬೆಂಗಳೂರು