ಕಲೆ ಹಾಗೇ ಇರಲಿ ಅಂದೆ

ಮೊನ್ನೆ ಎಸ್ಸೆಸ್ಸೆಲ್ಸಿ ಪರೀಕ್ಷೆಯ ಅರ್ಜಿಗೆ ಫೋಟೊ ತೆಗೆಸೋಕೆ ಹೋಗಿದ್ದೆ. ಸ್ಟುಡಿಯೊ ಅಣ್ಣ ಕಂಪ್ಯೂಟರಿನಲ್ಲಿ ನನ್ನ ಮುಖ ದೊಡ್ಡದು ಮಾಡಿ ನೋಡಿ, ‘ಕೆನ್ನೆ ಮೇಲಿನ ಕಲೆ ತೆಗೆದುಬಿಡ್ಲಾ ಪುಟ್ಟಿ?’ ಅಂದರು. ಬೇಡಣ್ಣ ಅಂದೆ. ಹೋದ ವರ್ಷ ಆಗಿದ್ದರೆ ಆ ಬಾಗಿಲನ್ನೇ ದಾಟುತ್ತಿರಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಥ್ಯಾಂಕ್ಸ್ ಹೇಳಬೇಕಾದವರು ತುಂಬಾ ಜನ ಇದ್ದಾರೆ, ಅವರಲ್ಲಿ ಒಬ್ಬ ಪುಸ್ತಕದೊಳಗಿನ ಹುಡುಗ.

ಹೋದ ದೀಪಾವಳಿಯಲ್ಲಿ ಹೂಕುಂಡ ಹಚ್ಚಿದೆ, ಹತ್ತಲಿಲ್ಲ. ‘ಹತ್ರ ಹೋಗೋಕೆ ಭಯ ನಿಂಗೆ’ ಅಂತ ದೊಡ್ಡಪ್ಪನ ಮಗ ರೇಗಿಸಿದ, ನಾನು ಜಂಬಕ್ಕೆ ಬಗ್ಗಿ ನೋಡಿದೆ. ಢಂ! ಎಡಗೆನ್ನೆ ಸುಟ್ಟಿತು, ಕಣ್ಣಿಗೂ ತಾಗಿತು. ಯಾರೋ ಟೂತ್‌ಪೇಸ್ಟ್ ಹಿಡಿದು ಓಡಿ ಬಂದರೆ ಪಕ್ಕದ ಮನೆ ಆಂಟಿ ಅವರನ್ನು ಗದರಿ, ನಲ್ಲಿಯ ಕೆಳಗೆ ನನ್ನ ಮುಖ ಹಿಡಿದು ಇಪ್ಪತ್ತು ನಿಮಿಷ ತಣ್ಣೀರು ಬಿಟ್ಟರು. ಅದೇ ನನ್ನನ್ನು ಕಾಪಾಡಿದ್ದು ಅಂತ ಆಮೇಲೆ ಡಾಕ್ಟರ್ ಹೇಳಿದರು. ಆಂಟಿ, ನಿಮ್ಮ ಸೀರೆಯೆಲ್ಲ ಹಾಳು ಮಾಡಿದೆ, ಸಾರಿ. ಡ್ರೆಸಿಂಗ್ ಬಿಚ್ಚುವಾಗ ನಾನು ಕಿರುಚಿದರೂ ಬೈಯದ ನರ್ಸ್ ಅಕ್ಕಂದಿರಿಗೂ ಥ್ಯಾಂಕ್ಸ್.

ಕಣ್ಣಿಗೆ ಪಟ್ಟಿ, ಓದೋ ಹಾಗಿಲ್ಲ, ಮೊಬೈಲ್ ನೋಡೋ ಹಾಗಿಲ್ಲ. ಆಗ ಚಿಕ್ಕಮ್ಮ ಬಂದಳು. ಉರ್ಸುಲಾ ಲೆ ಗ್ವಿನ್ ಬರೆದ ‘ಎ ವಿಝರ್ಡ್ ಆಫ್ ಅರ್ಥ್‌ಸೀ’ ಪುಸ್ತಕ ತಂದು, ಇಂಗ್ಲಿಷ್ ನೋಡಿಕೊಂಡು ಕನ್ನಡದಲ್ಲಿ ಹೇಳುತ್ತಾ ಹೋದಳು, ದಿನಕ್ಕೆ ಅರ್ಧ ಗಂಟೆ. ಅಡುಗೆಮನೆಯಿಂದ ಅಜ್ಜಿನೂ ಬಂದು ಕೂರುತ್ತಿದ್ದಳು. 1968ರ ಪುಸ್ತಕ ಅದು, ಹ್ಯಾರಿ ಪಾಟರ್‌ಗಿಂತ 29 ವರ್ಷ ಹಳೆಯದು. ಮಂತ್ರವಾದಿಗಳೆಲ್ಲ ಬಿಳಿ ಗಡ್ಡದ ಮುದುಕರೇ ಯಾಕೆ, ಅವರೂ ಹುಡುಗರಾಗಿದ್ದಾಗ ಹೇಗಿದ್ದಿರಬಹುದು ಅಂತ ಯೋಚಿಸಿ ಲೇಖಕಿ ಶುರು ಮಾಡಿದರಂತೆ.

ಹ್ಯಾರಿ ನನಗೂ ಇಷ್ಟವೇ. ಆದರೆ ಅವನ ಹಣೆಯ ಗಾಯದಲ್ಲಿ ಅವನ ತಪ್ಪೇನೂ ಇಲ್ಲ, ಅಲ್ವಾ? ಈ ಪುಸ್ತಕದ ಹುಡುಗ ಗೆಡ್ ಹಾಗಲ್ಲ. ಅವನು ಗಾಂಟ್ ದ್ವೀಪದಲ್ಲಿ ಮೇಕೆ ಕಾಯುತ್ತಿದ್ದ, ಕಂದು ಮೈಬಣ್ಣದ ಹುಡುಗ. ರೋಕ್ ದ್ವೀಪದ ಮಂತ್ರವಿದ್ಯೆಯ ಶಾಲೆಯಲ್ಲಿ ಜಾಸ್ಪರ್ ಅನ್ನೋ ಹುಡುಗ ಕೆಣಕಿದ ಅಂತ, ತಾನು ಎಷ್ಟು ದೊಡ್ಡವನು ನೋಡು ಅಂತ ತೋರಿಸೋಕೆ ಸತ್ತವರನ್ನೇ ಕರೆಯುತ್ತಾನೆ. ಜೊತೆಗೆ ಒಂದು ಕಪ್ಪು ನೆರಳೂ ಹೊರಬಂದು ಅವನ ಮುಖ ಸೀಳುತ್ತದೆ. ಅವನನ್ನು ಉಳಿಸೋಕೆ ಹೋಗಿ ಶಾಲೆಯ ಹಿರಿಯ ಗುರುವೇ ಸಾಯುತ್ತಾರೆ. ಅಲ್ಲಿಗೆ ಬಂದಾಗ ಚಿಕ್ಕಮ್ಮ ಓದು ನಿಲ್ಲಿಸಿ ನನ್ನ ಕಡೆ ನೋಡಿದಳು ಅನಿಸುತ್ತೆ. ನಾನು ಗೋಡೆ ಕಡೆ ತಿರುಗಿ ಮಲಗಿದೆ. ಮನೆಗೆ ಬಂದವರೆಲ್ಲ ‘ಪಾಪ, ನಿನ್ನ ತಪ್ಪೇನಿದೆ, ಪಟಾಕಿ ಸರಿ ಇರಲಿಲ್ಲ’ ಅಂತಿದ್ದರು. ನನ್ನ ತಪ್ಪೂ ಇತ್ತು ಅಂತ ನನಗೆ ಗೊತ್ತಿತ್ತು, ಹೇಳೋಕೆ ಆಗುತ್ತಿರಲಿಲ್ಲ. ಹೊಸ ಗುರು ಗೆಡ್‌ಗೆ ಸುಳ್ಳು ಸಮಾಧಾನ ಹೇಳುವುದಿಲ್ಲ, ಶಕ್ತಿಯನ್ನು ಕೆಟ್ಟದಾಗಿ ಬಳಸಿದೆ ಅಂತ ಮುಖಕ್ಕೇ ಹೇಳುತ್ತಾನೆ. ಆದರೆ ಶಾಲೆಯಿಂದ ಓಡಿಸುವುದೂ ಇಲ್ಲ. ಅವತ್ತು ರಾತ್ರಿ ಎಷ್ಟೋ ದಿನದ ಮೇಲೆ ಚೆನ್ನಾಗಿ ನಿದ್ದೆ ಬಂತು.

ಆ ಲೋಕದಲ್ಲಿ ಎಲ್ಲರಿಗೂ ಒಂದು ನಿಜವಾದ ಹೆಸರು ಇರುತ್ತೆ, ಅದನ್ನು ಬಚ್ಚಿಡುತ್ತಾರೆ, ಯಾಕಂದರೆ ಹೆಸರು ಗೊತ್ತಾದವರ ಕೈಗೆ ನಾವು ಸಿಕ್ಕಿದ ಹಾಗೆ. ಅಜ್ಜಿಗೆ ಇದರಲ್ಲಿ ಆಶ್ಚರ್ಯವೇ ಆಗಲಿಲ್ಲ. ‘ನಮ್ಮಲ್ಲೂ ಹಂಗೇ ಕಣೇ, ಕಿವೀಲಿ ಹೇಳೋ ಜನ್ಮನಾಮ ಬೇರೆ, ಕರೆಯೋ ಹೆಸರು ಬೇರೆ’ ಅಂದಳು. ಗಾಯ ವಾಸಿಯಾಗಿ ಎದ್ದ ಗೆಡ್‌ಗೆ ಗೆಳೆಯ ವೆಚ್ ಬಂದು ಕೇಳದೆಯೇ ತನ್ನ ನಿಜವಾದ ಹೆಸರು ಹೇಳುತ್ತಾನಲ್ಲ, ಅದನ್ನು ಕೇಳಿದ ರಾತ್ರಿ ಅಜ್ಜಿ ನನ್ನ ಕಿವಿಯಲ್ಲಿ ತನ್ನ ಜನ್ಮನಾಮ ಹೇಳಿದಳು. ಇಲ್ಲಿ ಬರೆಯಲ್ಲ.

ಎಲ್ಲ ಇಷ್ಟ ಆಯಿತು ಅಂದರೆ ಸುಳ್ಳಾಗುತ್ತೆ. ದ್ವೀಪಗಳ ಹೆಸರು ಅತಿ ಆಯಿತು, ದೋಣಿ ಪ್ರಯಾಣ ಕೆಲವು ಕಡೆ ಮುಗಿಯುವುದೇ ಇಲ್ಲ. ಒಟಾಕ್ ಅನ್ನೋ ಪುಟ್ಟ ಪ್ರಾಣಿ ಒಂದು ಸಲ ಗೆಡ್‌ನ ಮುಖ ನೆಕ್ಕಿ ಜೀವಕ್ಕೆ ಕರೆತರುತ್ತೆ, ಅದನ್ನೂ ಸಾಯಿಸಿಬಿಟ್ಟಿದ್ದಾರೆ. ಇದಕ್ಕೆ ಕ್ಷಮೆ ಇಲ್ಲ. ಹೆಂಗಸರ ಮಂತ್ರ ಅಂದರೆ ಕೈಲಾಗದ್ದು, ಕೆಟ್ಟದ್ದು ಅನ್ನೋ ಗಾದೆ ಬೇರೆ ಇದೆ. ಚಿಕ್ಕಮ್ಮನಿಗೆ ಅಲ್ಲಿ ಸಿಟ್ಟೇ ಬಂತು. ಲೇಖಕಿಗೂ ಆಮೇಲೆ ಇರಿಸುಮುರಿಸಾಗಿ 1990ರಲ್ಲಿ ಅದೇ ಲೋಕದ ಇನ್ನೊಂದು ಪುಸ್ತಕದಲ್ಲಿ ಹೆಂಗಸರ ಕಡೆಯಿಂದ ಬರೆದರಂತೆ. ಸರಿ, ಬಿಟ್ಟೆ.

ನನ್ನ ಬೆಂಚಿನ ಗೆಳತಿಗೂ ಥ್ಯಾಂಕ್ಸ್. ಸ್ಕೂಲಿಗೆ ವಾಪಸ್ ಹೋದ ಮೊದಲ ದಿನ ಅವಳು ನನ್ನ ಕೆನ್ನೆಯನ್ನು ನೇರವಾಗಿ ನೋಡಿ ‘ಇನ್ನೂ ಉರಿಯುತ್ತಾ?’ ಅಂದಳು, ಆಮೇಲೆ ಗಣಿತದ ನೋಟ್ಸ್ ಕೊಟ್ಟಳು. ಮದುವೆಗೆ ಏನು ಮಾಡ್ತೀರೋ ಅಂತ ಅಮ್ಮನನ್ನು ಕೇಳಿದ ನೆಂಟರಿಗೆ ಥ್ಯಾಂಕ್ಸ್ ಇಲ್ಲ. ಅಮ್ಮ ಅವರಿಗೆ ಕಾಫಿ ಕೂಡ ಕೊಡಲಿಲ್ಲ. ಅಮ್ಮ, ಅದು ನನಗೆ ಕೇಳಿಸಿತ್ತು.

ಚಿಕ್ಕಮ್ಮ ಈಗ ಎರಡನೇ ಪುಸ್ತಕ ಕಳಿಸಿದ್ದಾಳೆ, 1971ರದ್ದು, ಅದರಲ್ಲಿ ಟೆನಾರ್ ಅನ್ನೋ ಹುಡುಗಿಯದೇ ಕಥೆ. ಕಣ್ಣು ಸರಿಹೋಗಿದೆ, ನಾನೇ ಓದುತ್ತಿದ್ದೇನೆ. ಡಿಕ್ಷನರಿ ಪಕ್ಕದಲ್ಲಿದೆ, ದಿನಕ್ಕೆ ನಾಲ್ಕು ಪುಟ ದಾಟಿದರೆ ದೊಡ್ಡದು. ರಾತ್ರಿ ಊಟ ಆದ ಮೇಲೆ ಅಜ್ಜಿಗೆ ಅಷ್ಟನ್ನು ಕನ್ನಡದಲ್ಲಿ ಹೇಳಬೇಕು. ತಡವಾದರೆ ಬೈಯುತ್ತಾಳೆ.