ಪಂದ್ಯದ ಹೊತ್ತಿಗೆ ಕೈಯಲ್ಲೊಂದು ಕುಲಾವಿ

ಮಾನ್ಯ ಸಂಪಾದಕರೇ, ನಮಸ್ಕಾರ.

ಕಳೆದ ವಾರ ನಿಮ್ಮ ಓದುಗರ ಅಂಕಣದಲ್ಲಿ ಒಬ್ಬ ಸೋದರಿಯ ಪತ್ರ ಓದಿದೆ. ಕ್ರಿಕೆಟ್ ಶುರುವಾದರೆ ಯಜಮಾನರು ಟಿವಿ ಮುಂದಿನಿಂದ ಏಳುವುದಿಲ್ಲ, ಮನೆಯಲ್ಲಿ ಮಾತೇ ಇರುವುದಿಲ್ಲ ಅಂತ ಅವರು ನೊಂದು ಬರೆದಿದ್ದರು. ಆ ನೋವು ನನಗೆ ಅರ್ಥವಾಗುತ್ತದೆ. ಆದರೆ ನಮ್ಮ ಮನೆಯಲ್ಲಿ ನಾವಿಬ್ಬರೂ ಜಾಸ್ತಿ ಮಾತಾಡುವುದೇ ಪಂದ್ಯದ ಹೊತ್ತಿನಲ್ಲಿ. ನಮ್ಮ ಯಜಮಾನರು ಆಟ ನೋಡುತ್ತಾರೆ, ನಾನು ಪಕ್ಕದಲ್ಲಿ ಕೂತು ಹೆಣೆಯುತ್ತೇನೆ, ಜೊತೆಗೆ ಆಟವನ್ನೂ ನೋಡುತ್ತೇನೆ.

ನಾವು ಧಾರವಾಡದ ಕಡೆಯವರು, ಈಗ ಮುಂಬೈ ಹತ್ತಿರದ ಡೊಂಬಿವಲಿಯಲ್ಲಿದ್ದೇವೆ. ನಮ್ಮಲ್ಲಿ ಹೊಸ ಕೂಸಿಗೆ ಕುಲಾವಿ, ಅಂದರೆ ಟೊಪ್ಪಿಗೆ, ಕೊಡುವುದು ಹಳೆಯ ರೂಢಿ. ಅವ್ವ ಬಟ್ಟೆಯಲ್ಲಿ ಹೊಲಿಯುತ್ತಿದ್ದಳು, ನಾನು ದಾರದಲ್ಲಿ ಹೆಣೆಯುತ್ತೇನೆ. ಹುಟ್ಟಿದ ಕೂಸಿನ ತಲೆಯ ಸುತ್ತಳತೆ ಸುಮಾರು 35 ಸೆಂಟಿಮೀಟರ್ ಇರುತ್ತದೆ. ಹೆಣಿಗೆ ಹಿಗ್ಗುವುದರಿಂದ ಕುಲಾವಿ ಅದಕ್ಕಿಂತ ಸ್ವಲ್ಪ ಚಿಕ್ಕದೇ ಇರಬೇಕು. ನಾನು ಕಡ್ಡಿಯ ಮೇಲೆ ದಾರದ 80 ಕುಣಿಕೆ ಹಾಕುತ್ತೇನೆ. ಒಂದು ಸಾಲು ಮುಗಿಸಲು ಮೂರು, ನಾಲ್ಕು ನಿಮಿಷ ಬೇಕು. ಒಂದು ಓವರಿಗೂ ಹೆಚ್ಚು ಕಡಿಮೆ ಅಷ್ಟೇ ಹೊತ್ತು! ಅದಕ್ಕೇ ನಮ್ಮವರು ಓವರ್ ಮುಗಿದ ಕೂಡಲೇ "ಸಾಲು ಮುಗೀತಾ?" ಅಂತ ಕೇಳುತ್ತಾರೆ. ಕುಲಾವಿಗೆ ನಲವತ್ತೈದು ಸಾಲು ಸಾಕು. 50 ಓವರಿನ ಪಂದ್ಯವಾದರೆ ಒಂದು ಇನಿಂಗ್ಸಿನಲ್ಲಿ ಒಂದು ಕುಲಾವಿ ಆಗಿಬಿಡುತ್ತದೆ.

ಎಲ್ಲಕ್ಕಿಂತ ಒಳ್ಳೆಯದು ಟೆಸ್ಟ್. ದಿನಕ್ಕೆ 90 ಓವರ್, ಊಟಕ್ಕೆ 40 ನಿಮಿಷ, ಚಹಾಕ್ಕೆ 20. ಸುಮ್ನೆ ಸೀದಾ, ಉಲ್ಟಾ ಅನ್ನುವ ಎರಡೇ ಬಗೆಯ ಕುಣಿಕೆಯಲ್ಲಿ ಹೋಗುವ ಸಾಲುಗಳು ಆಟದ ಹೊತ್ತಿಗೆ. ಲೆಕ್ಕ ಹಾಕಿ ಕುಣಿಕೆ ಕಡಿಮೆ ಮಾಡುವ ಕೆಲಸ ಊಟದ ಬಿಡುವಿಗೆ. ಕಬಡ್ಡಿಗೆ ಮಾತ್ರ ಇದು ಆಗದು. ಒಂದು ರೈಡಿಗೆ 30 ಸೆಕೆಂಡು. ಕಣ್ಣು ಕೆಳಗೆ ಹೋಗಿ ಮೇಲೆ ಬರುವಷ್ಟರಲ್ಲಿ ಅಂಕ ಬದಲಾಗಿರುತ್ತದೆ.

2025ರ ನವೆಂಬರ್ 2 ನನಗೆ ಮರೆಯುವ ದಿನವಲ್ಲ. ನಮ್ಮ ದೇಶದ ಹೆಣ್ಣುಮಕ್ಕಳು ನವಿ ಮುಂಬೈಯಲ್ಲೇ ಕ್ರಿಕೆಟ್ ವಿಶ್ವಕಪ್ ಗೆದ್ದರು. ಮಳೆಯಿಂದ ಆಟ ಶುರುವಾಗಿದ್ದು ಸಂಜೆ. ಕೆಳಗಿನ ಮಹಡಿಯವರ ಮೊಮ್ಮಗಳ ನಾಮಕರಣಕ್ಕೆ ನಾನು ನೀಲಿ ಕುಲಾವಿ ಹೆಣೆಯುತ್ತಿದ್ದೆ. ಶೆಫಾಲಿ 87 ಹೊಡೆದಾಗ ಕೈ ಸರಾಗ ಓಡಿತು. ಆಮೇಲೆ ಎದುರಾಳಿ ದಕ್ಷಿಣ ಆಫ್ರಿಕಾದ ನಾಯಕಿ ವೋಲ್ವಾರ್ಟ್ ನೂರು ದಾಟಿದರು. ಅವರು ಎತ್ತಿ ಹೊಡೆದ ಚೆಂಡು ಅಮನ್‌ಜೋತ್ ಕೈಯಲ್ಲಿ ಪುಟಿದು ಪುಟಿದು ಕೊನೆಗೆ ಸಿಕ್ಕಿತಲ್ಲ, ಆಗ ಕಡ್ಡಿ ಕೆಳಗಿಟ್ಟಿದ್ದೆ. ಹೆಣೆಯುವವರಿಗೆ ಗೊತ್ತು, ಮನಸ್ಸು ಬಿಗಿಯಾದರೆ ಕುಣಿಕೆಯೂ ಬಿಗಿಯಾಗುತ್ತದೆ. ದೀಪ್ತಿ ಐದನೇ ವಿಕೆಟ್ ತೆಗೆದು ಪಂದ್ಯ ಮುಗಿಸಿದರು. ಉಳಿದ ಸಾಲುಗಳನ್ನು ಹಬ್ಬದ ಸಡಗರದಲ್ಲಿ ಹೆಣೆದೆ. ಆ ಮಗುವಿಗೆ ಕುಲಾವಿಯ ಜೊತೆ ಆ ರಾತ್ರಿಯ ಕಥೆಯನ್ನೂ ಕೊಟ್ಟೆವು. ಅಂಗಡಿಯಿಂದ ತಂದ ಉಡುಗೊರೆಯ ಡಬ್ಬಿಯಲ್ಲಿ ಇದು ಬರುತ್ತದೆಯೇ?

ಇದು ಹೆಂಗಸರ ಕೆಲಸ ಮಾತ್ರ ಅಂತಲೂ ನಾನು ಒಪ್ಪುವುದಿಲ್ಲ. 2021ರಲ್ಲಿ ಟೋಕಿಯೋ ಒಲಿಂಪಿಕ್ಸಿನಲ್ಲಿ ಬ್ರಿಟನ್ನಿನ ಟಾಮ್ ಡೇಲಿ ಡೈವಿಂಗಿನಲ್ಲಿ ಚಿನ್ನ ಗೆದ್ದು, ಪದಕಕ್ಕೆ ತಾವೇ ಚೀಲ ಹೆಣೆದರು. ಬೇರೆಯವರ ಸ್ಪರ್ಧೆ ನೋಡುತ್ತಾ ಗ್ಯಾಲರಿಯಲ್ಲೂ ಹೆಣೆಯುತ್ತಾ ಕೂತಿದ್ದರು. ಅದನ್ನು ನೋಡಿದ ಮೇಲೆ ನಮ್ಮವರಿಗೂ ಆಸೆ ಹುಟ್ಟಿತು. ಈಗ ದಾರದ ಲಡಿಯನ್ನು ಎರಡೂ ಕೈಗೆ ಹಾಕಿಕೊಂಡು ಕೂರುತ್ತಾರೆ, ನಾನು ಉಂಡೆ ಸುತ್ತುತ್ತೇನೆ. ಕುಲಾವಿಯ ಗೊಂಡೆ ಅವರೇ ಮಾಡುವುದು, ರಟ್ಟಿನ ತುಂಡಿಗೆ ದಾರ ಸುತ್ತಿ, ಕಟ್ಟಿ, ಕತ್ತರಿಸಿ. ಬಹಳ ಚೆನ್ನಾಗಿ ಮಾಡುತ್ತಾರೆ.

ಮುಂಬೈ ಸೆಖೆಗೆ ಉಲ್ಲನ್ ಯಾಕೆ ಅಂತ ಕೆಲವರು ಕೇಳಬಹುದು. ಹತ್ತಿ ದಾರ ತಗೊಳ್ಳಿ. ಮೆತ್ತಗಿರುತ್ತದೆ, ತೊಳೆಯುವುದೂ ಸುಲಭ. ಕೂಸಿನ ಕಾಲುಚೀಲಕ್ಕೆ ಮಾತ್ರ ತೂತು ತೂತಿನ ಡಿಸೈನ್ ಬೇಡ, ಬೆರಳು ಸಿಕ್ಕಿಕೊಳ್ಳುತ್ತದೆ. ಗುಂಡಿಯೂ ಬೇಡ, ಕಿತ್ತು ಬಂದರೆ ಬಾಯಿಗೆ ಹೋಗುತ್ತದೆ.

ಸಂಪಾದಕರೇ, ನಿಮ್ಮಲ್ಲಿ ಒಂದು ಕೋರಿಕೆ ಇದೆ. ಈಗ ಹೆಣಿಗೆಯ ಡಿಸೈನ್ ಬೇಕೆಂದರೆ ಫೋನಿನಲ್ಲಿ ಇಂಗ್ಲಿಷಿನದೇ ಸಿಗುತ್ತದೆ, ಅದೂ ಬರೀ ಅಕ್ಷರ ಅಂಕಿಗಳ ಗುರುತಿನಲ್ಲಿ. ನನ್ನ ವಯಸ್ಸಿನ ಎಷ್ಟೋ ಜನ ಅದನ್ನು ನೋಡಿಯೇ ಕೈಬಿಡುತ್ತಾರೆ. ನಿಮ್ಮ ಭಾನುವಾರದ ಪುರವಣಿಯಲ್ಲಿ ತಿಂಗಳಿಗೊಂದು ಡಿಸೈನ್ ಹಾಕಿ. ಸೀದಾ ಎಷ್ಟು, ಉಲ್ಟಾ ಎಷ್ಟು ಅಂತ ಕನ್ನಡದಲ್ಲಿ ಬಿಡಿಸಿ ಬರೆದು, ಪಕ್ಕದಲ್ಲಿ ಚೌಕುಳಿ ಚಿತ್ರ ಕೊಟ್ಟರೆ ಸಾಕು. ಮೊದಲ ಕುಲಾವಿಯ ಡಿಸೈನ್ ನಾನೇ ಬರೆದು ಕಳಿಸುತ್ತೇನೆ. ಪತ್ರ ಬರೆದ ಆ ಸೋದರಿ ಒಪ್ಪಿದರೆ, ಮುಂದಿನ ಟೆಸ್ಟ್ ಸರಣಿ ಶುರುವಾಗುವ ಮೊದಲು ಅವರಿಗೆ ಕುಣಿಕೆ ಹಾಕುವುದನ್ನು ಹೇಳಿಕೊಡಲು ನಾನು ತಯಾರಿದ್ದೇನೆ. ಡೊಂಬಿವಲಿಯಿಂದ ಲೋಕಲ್ ಹಿಡಿದು ಅವರ ಮನೆಗೇ ಬರುತ್ತೇನೆ.

ನಿಮ್ಮ ಹಳೆಯ ಓದುಗಾರ್ತಿ,
ಡೊಂಬಿವಲಿ ಪೂರ್ವ