ಹಳದಿ ಕಯಾಕ್ ಕೊಂಡ ಮಗಳಿಗೆ

ಪ್ರೀತಿಯ ಕಾವ್ಯ,

ನಿನ್ನೆ ರಾತ್ರಿ ನೀನು ಕಳಿಸಿದ ಫೋಟೊ ನೋಡಿದೆ. ಹಳದಿ ಬಣ್ಣದ ಕಯಾಕ್ ಎಂಬ ಪುಟ್ಟ ದೋಣಿ, ಪಕ್ಕದಲ್ಲಿ ಹುಟ್ಟು ಹಿಡಿದು ನಿಂತ ನೀನು, ಕೆಳಗೆ ‘ಕೊನೆಗೂ ಕೊಂಡೆ’ ಎಂಬ ಎರಡೇ ಪದ. ಅಪ್ಪ ಹೆಬ್ಬೆರಳಿನ ಚಿತ್ರ ಒತ್ತಿ ಕಳಿಸಿ ಮಲಗಿಬಿಟ್ಟರು. ನನಗೆ ನಿದ್ದೆ ಹತ್ತಲಿಲ್ಲ. ಫೋನಿನಲ್ಲಿ ಹೇಳಲು ಹೊರಟರೆ ಮೂರನೆಯ ಮಾತಿಗೇ ನನ್ನ ದನಿ ಏರುತ್ತದೆ, ನೀನು ಮೀಟಿಂಗ್ ಇದೆ ಎಂದು ಇಟ್ಟುಬಿಡುತ್ತೀಯ. ಅದಕ್ಕೇ ಈ ಪತ್ರ.

ಟೊರೊಂಟೊಗೆ ನಿನ್ನಲ್ಲಿಗೆ ಬಂದಿದ್ದಾಗ, ದ್ವೀಪದಿಂದ ವಾಪಸಾಗುವ ಫೆರಿಯಲ್ಲಿ ಈ ಕಯಾಕಿನ ವಿಷಯಕ್ಕೆ ನಡೆದ ಜಗಳವನ್ನು ಮತ್ತೆ ಬರೆಯುವುದಿಲ್ಲ. ಕೂಗಾಡಿದ್ದಕ್ಕೆ ಕ್ಷಮೆ ಇರಲಿ. ಸುತ್ತ ಇದ್ದವರಿಗೆ ಯಾರಿಗೂ ಕನ್ನಡ ಬಾರದು ಎಂಬ ಧೈರ್ಯ ನನ್ನದು. ಆ ಊರಿನಲ್ಲಿ ಹಾಗೆ ನಂಬುವ ಹಾಗೇ ಇಲ್ಲ. ಇಳಿಯುವಾಗ ಮಗು ಎತ್ತಿಕೊಂಡ ಹುಡುಗಿಯೊಬ್ಬಳು ‘ಸಮಾಧಾನ ಮಾಡಿಕೊಳ್ಳಿ ಆಂಟಿ’ ಎಂದಾಗ ನೆಲ ಬಾಯಿಬಿಡಬಾರದೇ ಅನ್ನಿಸಿತು. ಆದರೆ ಕ್ಷಮೆ ಕೇಳುತ್ತಿರುವುದು ದನಿಗೆ, ಮಾತಿಗಲ್ಲ.

ನಿನ್ನ ಒಂದು ಮಾತು ಮಾತ್ರ ಇನ್ನೂ ಚುಚ್ಚುತ್ತಿದೆ. ‘ಊರು ನೋಡಲು ಬಂದವಳು, ಬರೀ ಅಪಾಯ ನೋಡಿಕೊಂಡು ಹೋಗುತ್ತಿದ್ದೀಯ’ ಎಂದೆಯಲ್ಲ. ನಿಜವೇನೇ ಅದು? ಸಿಎನ್ ಟವರಿನಲ್ಲಿ 342 ಮೀಟರ್ ಎತ್ತರದ ಗಾಜಿನ ನೆಲದ ಮೇಲೆ ನಿಂತು ಕೆಳಗೆ ನೋಡಿದವಳು ಯಾರು, ಗೋಡೆಗೆ ಅಂಟಿಕೊಂಡು ‘ಸಾಕು ಬಾ ಅಮ್ಮ’ ಎಂದವಳು ಯಾರು? ನೀನು ಕಚೇರಿಗೆ ಹೋದ ದಿನಗಳಲ್ಲಿ ಪ್ರೆಸ್ಟೊ ಎಂಬ ಪ್ರಯಾಣದ ಕಾರ್ಡ್ ತಾಗಿಸಿಕೊಂಡು ಒಬ್ಬಳೇ ಟ್ರಾಮ್ ಹತ್ತಿ ಅಲೆದಿದ್ದೇನೆ. ಗೆರಾರ್ಡ್ ಬೀದಿಯಲ್ಲಿ ಕೆಂಡದ ಮೇಲೆ ಸುಟ್ಟ ಮೆಕ್ಕೆಜೋಳಕ್ಕೆ ನಿಂಬೆಹುಳಿ, ಖಾರ ಸವರಿಸಿಕೊಂಡು ತಿಂದಿದ್ದೇನೆ. 1972ರಲ್ಲಿ ನಾಜ್ ಎಂಬ ಚಿತ್ರಮಂದಿರದಲ್ಲಿ ಹಿಂದಿ ಸಿನಿಮಾ ತೋರಿಸತೊಡಗಿದ ಮೇಲೆ ಆ ಬೀದಿಗೆ ನಮ್ಮ ಕಡೆಯ ಅಂಗಡಿಗಳು ಬಂದವಂತೆ. ಹೈ ಪಾರ್ಕಿನ ಚೆರ್ರಿ ಹೂವು ನೋಡಲು ನೂಕುನುಗ್ಗಲಿನಲ್ಲಿ ನಿಂತಿದ್ದೇನೆ. ಆ ಮರಗಳನ್ನು 1959ರಲ್ಲಿ ಟೋಕಿಯೊ ನಗರದ ಜನ ಕೊಟ್ಟರೆಂದು ನೀನೇ ಹೇಳಿದ್ದೆ. ಯೂನಿಯನ್ ಸ್ಟೇಷನ್ನಿನಲ್ಲಿ ದಾರಿ ತಪ್ಪಿದ ಒಬ್ಬ ಹಿರಿಯರಿಗೆ ಯಾವ ಪ್ಲಾಟ್‌ಫಾರ್ಮ್, ಎಲ್ಲಿ ಬದಲಿಸಬೇಕು ಎಂದು ನೀನು ಪಟಪಟನೆ ಹೇಳುತ್ತಿದ್ದೆ. ದಾವಣಗೆರೆಯಲ್ಲಿ ಪಿ.ಬಿ. ರಸ್ತೆ ದಾಟಲು ನನ್ನ ಸೆರಗು ಬಿಡದಿದ್ದವಳು ಇವಳೇನಾ ಎಂದು ನೋಡುತ್ತ ನಿಂತೆ. ಆಗ ಹೇಳಲಿಲ್ಲ, ಈಗ ಬರೆಯುತ್ತಿದ್ದೇನೆ.

ಕೆನ್ಸಿಂಗ್‌ಟನ್ ಮಾರುಕಟ್ಟೆಯಲ್ಲಿ ಮಾತ್ರ ಕಾಲುನೋವು ಎಂದು ಸುಳ್ಳು ಹೇಳಿದೆ. ಒಂದು ಕಾಲಕ್ಕೆ ಅದು ಯಹೂದಿಗಳ ಸಂತೆಯಾಗಿತ್ತು, ಆಮೇಲೆ ಪೋರ್ಚುಗೀಸರು ಬಂದರು, ಕೆರಿಬಿಯನ್ ದ್ವೀಪಗಳವರು ಬಂದರು, ಚೀನೀಯರು, ಲ್ಯಾಟಿನ್ ಅಮೆರಿಕದವರು ಬಂದರು ಎಂದು ನೀನು ವಿವರಿಸುತ್ತಿದ್ದೆ. ಕೈಯಲ್ಲಿ ನಾಲ್ಕು ಕಾಸು ಓಡಾಡಿದವರು ದೊಡ್ಡ ಮನೆ ಹುಡುಕಿಕೊಂಡು ಬೇರೆ ಬಡಾವಣೆಗೆ ಹೋದರು, ಯಹೂದಿಗಳ ಪ್ರಾರ್ಥನಾ ಮಂದಿರವಾದ ಸಿನಗಾಗ್ ಅಲ್ಲೇ ಉಳಿಯಿತು. ಅದರ ಮುಂದೆ ನಿಂತಾಗ, ಆ ಮಕ್ಕಳನ್ನು ಹಡಗು ಹತ್ತಿಸಿದ ತಾಯಂದಿರು ಯಾವ ಊರಿನಲ್ಲಿ ಉಳಿದರೋ ಎಂಬ ಯೋಚನೆ ಬಂತು, ಅಷ್ಟೇ. ಪೌರತ್ವದ ಅರ್ಜಿಯ ವಿಷಯ ಇಲ್ಲಿ ಎತ್ತುವುದಿಲ್ಲ. ಆ ಪಾಸ್‌ಪೋರ್ಟ್ ಬಂದರೆ ಈ ಪಾಸ್‌ಪೋರ್ಟ್ ಒಪ್ಪಿಸಬೇಕು ಎಂಬುದು ನಿನಗೆ ನನಗಿಂತ ಚೆನ್ನಾಗಿ ಗೊತ್ತು. ಅದನ್ನು ಅಪ್ಪನ ಹತ್ತಿರ ಮಾತಾಡು.

ನನ್ನ ಮಾತು ನೀರಿನದು.

ಕ್ವೀನ್ ಬೀದಿಯ 501 ಟ್ರಾಮ್ ಹತ್ತಿ ಪೂರ್ವದ ಕೊನೆಯ ನಿಲ್ದಾಣಕ್ಕೆ ಹೋಗಿ ಬಂದೆ ಎಂದಾಗ ನೀನು ಎಷ್ಟು ನಕ್ಕೆ! ನಯಾಗರಾ ಬಿಟ್ಟು ನೀರು ಶುದ್ಧೀಕರಣ ಘಟಕ ನೋಡಲು ಹೋದ ಪ್ರವಾಸಿ ಜಗತ್ತಿನಲ್ಲಿ ನೀನೊಬ್ಬಳೇ ಎಂದೆ. ಸರ್ವೀಸ್ ಪೂರ್ತಿ ನೀರು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಕುಂದುವಾಡ ಕೆರೆಯ ನೀರನ್ನು ಸೀಸೆಗೆ ತುಂಬಿ, ಕ್ಲೋರಿನ್ ಅಳೆಯುವ ಕ್ಲೋರೋಸ್ಕೋಪ್ ಹಿಡಿದು ಹಳದಿಯ ಛಾಯೆ ಹೋಲಿಸಿ ನೋಡಿದವಳು ಮತ್ತೇನು ನೋಡಬೇಕು? ಆರ್.ಸಿ. ಹ್ಯಾರಿಸ್ ಘಟಕ 1941ರಿಂದ ನೀರು ಕೊಡುತ್ತಿದೆ. ದಿಬ್ಬದ ಮೇಲೆ ಹಳದಿ ಇಟ್ಟಿಗೆಯ ಅರಮನೆ, ಹಸಿರುಗಟ್ಟಿದ ತಾಮ್ರದ ಚಾವಣಿ, ಮುಂದೆ ಇಳಿಜಾರಿನ ಹುಲ್ಲುಹಾಸು, ಅದರಾಚೆ ಒಂಟಾರಿಯೊ ಸರೋವರ. ಹುಲ್ಲಿನ ಮೇಲೆ ಜನ ನಾಯಿ ಆಡಿಸುತ್ತಿದ್ದರು. ನೀರು ಸೋಸುವ ಜಾಗವನ್ನು ಇಷ್ಟು ಚೆನ್ನಾಗಿ ಕಟ್ಟಿದವರು ನೀರಿಗೆ ಮರ್ಯಾದೆ ಕೊಟ್ಟವರು ಎಂದುಕೊಂಡೆ. ನಮ್ಮ ಪ್ರಯೋಗಾಲಯದ ಕಿಟಕಿಗೆ ಗಾಜು ಹಾಕಿಸಲು ನಾನು ಬರೆದ ಅರ್ಜಿಗಳ ಕಥೆ ನಿನಗೆ ಬಾಯಿಪಾಠ, ಬಿಡು.

ಅಲ್ಲೇ ಇನ್ನೊಂದು ವಿಷಯ ತಲೆಗೆ ಹೊಕ್ಕಿತು, ಅಂದು ರಾತ್ರಿ ಕೂತು ಓದಿದೆ. ದಡದಿಂದ 5 ಕಿಲೋಮೀಟರ್ ದೂರದಲ್ಲಿ, 83 ಮೀಟರ್ ಆಳದಿಂದ ಆ ಊರಿನವರು ನೀರು ಎಳೆಯುತ್ತಾರೆ. ಅಲ್ಲಿ ವರ್ಷವಿಡೀ ಸುಮಾರು 4 ಡಿಗ್ರಿ. ಆ ತಂಪನ್ನು ಕೊಳವೆಗಳ ಮೂಲಕ ದೊಡ್ಡ ದೊಡ್ಡ ಕಟ್ಟಡಗಳಿಗೆ ದಾಟಿಸಿ, ಅದೇ ನೀರನ್ನು ಕುಡಿಯಲು ನಲ್ಲಿಗೆ ಬಿಡುತ್ತಾರೆ. 2004ರಿಂದ ನಡೆದಿದೆ. ಬುದ್ಧಿವಂತರು! ನಿನ್ನ ಕಚೇರಿ ಬೇಸಿಗೆಯಲ್ಲಿ ತಣ್ಣಗಿರುವುದೂ ಆ ನೀರಿನಿಂದಲೇ ಇರಬಹುದು. ಒಂದು ಕ್ಷಣ ಯೋಚಿಸು: ಗಾಜಿನ ಗೋಪುರಗಳನ್ನೇ ತಣಿಸಬಲ್ಲ ಚಳಿ ಕೆಳಗೆ ಕೂತಿದೆ, ನೀನು ಅದರ ಮೇಲೆ ಹಳದಿ ಪ್ಲಾಸ್ಟಿಕ್ಕಿನ ತೊಟ್ಟಿಲಿನಲ್ಲಿ ಕೂರುತ್ತೀಯ.

ವಾರ್ಡ್ಸ್ ದ್ವೀಪದ ಮರಳಿನಲ್ಲಿ ನಾನು ನೀರಿಗೆ ಕೈ ಇಟ್ಟದ್ದು ನಿನಗೆ ನೆನಪಿರಲಾರದು, ನೀನು ಐಸ್‌ಕ್ರೀಂ ಸಾಲಿನಲ್ಲಿದ್ದೆ. ಜೂನ್ ತಿಂಗಳು. ಬಿಸಿಲಿಗೆ ಎಲ್ಲರೂ ಅರೆತೋಳಿನಲ್ಲಿದ್ದರು. ನೀರು ತಿಳಿಯಾಗಿತ್ತು, ಕಲ್ಲು ಎಣಿಸಬಹುದಿತ್ತು. ಮಣಿಕಟ್ಟಿನವರೆಗೆ ಮುಳುಗಿಸಿದೆ. ಮೊದಲು ಹಿತ ಅನ್ನಿಸಿತು, ಆಮೇಲೆ ಬೆರಳ ಗೆಣ್ಣುಗಳಲ್ಲಿ ನೋವು ಶುರುವಾಯಿತು, ಸ್ವಲ್ಪ ಹೊತ್ತಿಗೆ ನೋವೂ ಹೋಯಿತು. ನನ್ನನ್ನು ಹೆದರಿಸಿದ್ದು ನೋವು ಹೋದದ್ದು. ಹೊರಗೆ ತೆಗೆದು ಸೀರೆಯ ಪಿನ್ನು ಹಾಕಲು ಹೋದರೆ ಬೆರಳು ಮಡಿಯಲಿಲ್ಲ. ಸಣ್ಣ ಪಿನ್ನು, ಕಾವ್ಯ. ಅದನ್ನೇ ಹಿಡಿಯಲಾಗದ ಕೈ ಮಗುಚಿದ ದೋಣಿಯ ಅಂಚನ್ನು ಹೇಗೆ ಹಿಡಿದೀತು? ನೀನು ಎರಡು ಕೋನ್ ಹಿಡಿದು ಬಂದೆ, ನಾನು ಬೇಡ ಎಂದೆ, ನಿನಗೆ ಸಿಟ್ಟು ಬಂತು. ಐಸ್‌ಕ್ರೀಂ ಬೇಡವಾದದ್ದು ಅದಕ್ಕೆ. ಅದಾದ ಮೇಲೇ ನೀನು ಕಯಾಕ್ ಕೊಳ್ಳುವ ಮಾತು ತೆಗೆದದ್ದು.

ಊರಿಗೆ ಬಂದ ಮೇಲೂ ಆ ಪಿನ್ನು ಹಾಕುವಾಗ ಬೆರಳು ನೋಡಿಕೊಳ್ಳುತ್ತೇನೆ. ಅಪ್ಪ ನಗುತ್ತಾರೆ. ಭದ್ರಾ ನಾಲೆಯಲ್ಲಿ ಪ್ರತಿ ಬೇಸಿಗೆಗೆ ಈಜಲು ಇಳಿದು ಜೀವ ಕಳೆದುಕೊಂಡ ಹುಡುಗರ ಸುದ್ದಿ ಓದುತ್ತ ಬದುಕಿದವಳು ನಾನು, ಆದರೆ ನಾಲೆಯ ಭಯ ಬೇರೆ. ಅದು ಸೆಳೆತದ ಭಯ, ನೋಡಿದರೇ ಗೊತ್ತಾಗುತ್ತದೆ. ಆ ಸರೋವರ ನೋಡಲು ಏನೂ ಮಾಡದೆ ಸುಮ್ಮನಿರುತ್ತದೆ. ಗಾಳಿ ಮೇಲಿನ ಬೆಚ್ಚಗಿನ ನೀರನ್ನು ದಡದಿಂದ ಆಚೆ ತಳ್ಳಿದರೆ ಅಡಿಯ ತಣ್ಣೀರು ಮೇಲೆದ್ದು ಬರುತ್ತದೆ. ನಿನ್ನೆ ಈಜಿದ ಜಾಗದಲ್ಲಿ ಇಂದು ಉಸಿರು ಕಟ್ಟಬಹುದು.

ಮ್ಯಾನಿಟೋಬಾ ವಿಶ್ವವಿದ್ಯಾಲಯದ ಗಾರ್ಡನ್ ಗೀಸ್‌ಬ್ರೆಕ್ಟ್ ಎಂಬುವರು ಸ್ವತಃ ಮಂಜುನೀರಿಗೆ ಇಳಿದು ಪರೀಕ್ಷೆ ಮಾಡಿದವರು. ಅವರ ಲೆಕ್ಕ ಕೇಳು. ತಣ್ಣೀರಿಗೆ ಬಿದ್ದರೆ ಏದುಸಿರು ಹತೋಟಿಗೆ ಬರಲು 1 ನಿಮಿಷ. ಕೈಕಾಲು ಮಾತು ಕೇಳುವುದು 10 ನಿಮಿಷ. ಪ್ರಜ್ಞೆ ತಪ್ಪಲು 1 ಗಂಟೆ. ಚಳಿಯಿಂದ ಸಾಯುವ ಮುಂಚೆ ತೇಲಲಾರದೆ ಸಾಯುತ್ತಾರೆ ಎಂಬುದು ಇದರ ಅರ್ಥ. ತೇಲಿಸುವ ಲೈಫ್ ಜಾಕೆಟ್ ತೊಟ್ಟವರಿಗೆ ಮಾತ್ರ ಆ ಒಂದು ಗಂಟೆ ಸಿಗುತ್ತದೆ. ಅಲ್ಲಿನ ಕಾನೂನು ಜಾಕೆಟ್ ದೋಣಿಯಲ್ಲಿ ಇರಬೇಕು ಎನ್ನುತ್ತದೆ, ದೊಡ್ಡವರು ತೊಡಲೇಬೇಕು ಎನ್ನುವುದಿಲ್ಲ. ಫೋಟೊದಲ್ಲಿ ನೋಡಿದೆ, ನಿನ್ನದು ಸೀಟಿನ ಹಿಂದೆ ಮಡಚಿ ಸಿಕ್ಕಿಸಿತ್ತು. ಕಾನೂನಿನ ಲೆಕ್ಕಕ್ಕೆ ಸರಿ, ನನ್ನ ಲೆಕ್ಕಕ್ಕೆ ಅಲ್ಲ. ಊದುವ ಸೀಟಿಯನ್ನು ಜಾಕೆಟ್ಟಿಗೇ ಕಟ್ಟು. ಫೋನನ್ನು ನೀರು ಹೊಗದ ಚೀಲದಲ್ಲಿ ಹಾಕಿ ಮೈಗೆ ಕಟ್ಟಿಕೋ, ದೋಣಿಗಲ್ಲ. ಒಬ್ಬಳೇ ಹೋಗಬೇಡ. ಫೆರಿ ಓಡಾಡುವ ದಾರಿಗೆ ಅಡ್ಡ ಹೋಗಬೇಡ. ದ್ವೀಪಗಳ ಒಳಗಿನ ಕಾಲುವೆಗಳು ಸಾಲವೇ ನಿನಗೆ?

ಉಪದೇಶ ಮಾಡಬಾರದೆಂದು ಕೂತವಳು ಒಂದು ಪುಟ ತುಂಬಿಸಿದೆ. ಇರಲಿ, ಇನ್ನೊಂದು ಮಾತು ಹೇಳಿಬಿಡುತ್ತೇನೆ. ಭಯಪಟ್ಟವರು ಬದುಕುವುದಿಲ್ಲ ಎಂದು ಫೆರಿಯಲ್ಲಿ ನನಗೆ ಪಾಠ ಹೇಳಿದೆ. ನೀನು ದಿನಾ ಬೆಳಿಗ್ಗೆ ಓಡುವ ಹಂಬರ್ ನದಿಯ ದಂಡೆ ಅಷ್ಟು ಖಾಲಿ, ಅಷ್ಟು ಹಸಿರು ಏಕಿದೆ ಗೊತ್ತೇ? 1954ರ ಅಕ್ಟೋಬರಿನಲ್ಲಿ ಹೇಜಲ್ ಚಂಡಮಾರುತದ ಮಳೆಗೆ ಆ ನದಿ ಉಕ್ಕಿತು. ರೇಮೋರ್ ಡ್ರೈವ್ ಎಂಬ ಒಂದೇ ಬೀದಿಯಲ್ಲಿ 35 ಜನ ಸತ್ತರು, ಕೆನಡಾದಲ್ಲಿ ಒಟ್ಟು 81. ಅದಾದ ಮೇಲೆ ನದಿಗಳ ತಗ್ಗಿನಲ್ಲಿ ಮನೆ ಕಟ್ಟಕೂಡದು ಎಂದು ತೀರ್ಮಾನಿಸಿ, ಆ ಜಾಗವನ್ನೆಲ್ಲ ಉದ್ಯಾನಗಳಿಗೆ ಬಿಟ್ಟರು. ನೀನು ಓಡುತ್ತಿರುವುದು ಭಯಪಟ್ಟವರು ಬಿಟ್ಟುಕೊಟ್ಟ ದಾರಿಯಲ್ಲಿ. ಇದಕ್ಕೇನು ಹೇಳುತ್ತೀಯೋ ಹೇಳು.

ಕಯಾಕ್ ಮಾರಿಬಿಡು ಎಂದು ಬರೆಯಲು ಕೂತಿದ್ದೆ. ಬರೆದರೆ ನೀನು ಮಾರುವುದಿಲ್ಲ, ಫೋಟೊ ಕಳಿಸುವುದನ್ನು ನಿಲ್ಲಿಸುತ್ತೀಯ. ಅದರ ಬದಲು ಇಷ್ಟು ಮಾಡು: ನೀರಿಗೆ ಇಳಿಯುವ ಮುನ್ನ ಒಂದು ಸಂದೇಶ, ದಡಕ್ಕೆ ಬಂದ ಮೇಲೆ ಒಂದು. ಇಲ್ಲಿ ನಡುರಾತ್ರಿಯಾದರೂ ಚಿಂತೆಯಿಲ್ಲ. ಮತ್ತೆ ಆ ಸೀಟಿನ ಹಿಂದಿನ ಜಾಕೆಟ್ ಹಳೆಯದು, ಪಟ್ಟಿ ಸಡಿಲವಾದದ್ದು ಫೋಟೊ ದೊಡ್ಡದು ಮಾಡಿ ನೋಡಿದಾಗ ಕಂಡಿತು. ದೋಣಿಯ ಜೊತೆ ಬಿಟ್ಟಿಯಾಗಿ ಸಿಕ್ಕಿರಬೇಕು. ಮೈಗೆ ಸರಿಯಾಗಿ ಕೂರುವ ಹೊಸದನ್ನು ಈ ವಾರವೇ ಕೊಂಡುಕೋ. ಬಿಲ್ ನನಗೆ ಕಳಿಸು, ಪಿಂಚಣಿ ಬಂದ ದಿನ ಹಣ ಹಾಕುತ್ತೇನೆ. ಅಪ್ಪನಿಗೆ ಹೇಳಬೇಡ, ಕೂಗಾಡಿ ಬಂದವಳೇ ದುಡ್ಡು ಕೊಟ್ಟಳು ಎಂದು ವರ್ಷವಿಡೀ ಆಡಿಕೊಳ್ಳುತ್ತಾರೆ.

ನಿನ್ನ,
ಅಮ್ಮ